ಅರ್ಜಿಯಲ್ಲಿ ಜೋಕ್ ಹೊಡೀಬಹುದಾ?

ನಮಗೆ ಇಲ್ಲಿ ಸೀಟು ಸಿಕ್ಕಿದ್ದು ಸಿಇಟಿ ರ‍್ಯಾಂಕ್ ಮೇಲೆ. ನೀನು ಯಾರು, ನಿಂಗೇನಿಷ್ಟ ಅಂತ ಯಾರೂ ಕೇಳಲಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದ್ರು, ಅಷ್ಟೇ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕೋರು ಮಾತ್ರ ತಮ್ಮ ಬಗ್ಗೆ ಪ್ರಬಂಧ ಬರೀಬೇಕು. ನೂರಾರು ಕಾಲೇಜುಗಳು ಬಳಸುವ ಕಾಮನ್ ಆ್ಯಪ್‌ನಲ್ಲಿ ಅದರ ಮಿತಿ 650 ಪದ. ಹೋದ ವರ್ಷ ನಮ್ಮ ರೂಮ್‌ಮೇಟ್‌ನ ಚಿಕ್ಕಪ್ಪನ ಮಗಳು, ಆಗ ಸೆಕೆಂಡ್ ಪಿಯು, ಅಂಥದ್ದೊಂದು ಬರೆದು "ಸ್ವಲ್ಪ ನೋಡಿ ಅಣ್ಣ" ಅಂತ ಕಳಿಸಿದ್ಲು. ಜೀವನದಲ್ಲಿ ಒಂದೂ ಪ್ರಬಂಧ ಬರೆದು ಸೀಟು ತಗೊಳ್ಳದ ನಾವು ನಾಲ್ಕೂ ಜನ ಎಡಿಟರ್ ಆಗಿಬಿಟ್ವಿ.

ಅವಳು ಬರೆದಿದ್ದು ಇಷ್ಟು. ಒಂಬತ್ತನೇ ಕ್ಲಾಸಲ್ಲಿ ಮನೆಯ ಮಿಕ್ಸಿ ಬಿಚ್ಚಿ ವಾಪಸ್ ಜೋಡಿಸಿದ್ಲು. ಮಿಕ್ಸಿ ಓಡಿತು, ಆದರೆ ಎರಡು ಸ್ಕ್ರೂ ಕೈಯಲ್ಲೇ ಉಳೀತು. ಅವರಮ್ಮ ಇವತ್ತಿಗೂ ಚಟ್ನಿ ರುಬ್ಬುವಾಗ ಸ್ವಿಚ್ ಹಾಕಿ ಎರಡು ಹೆಜ್ಜೆ ಹಿಂದೆ ನಿಲ್ತಾರಂತೆ. ಆಮೇಲಿಂದ ಅವಳು ಏನೇ ಬಿಚ್ಚಿದ್ರೂ ಮೊದಲು ನೋಟ್‌ಬುಕ್ಕಲ್ಲಿ ಚಿತ್ರ ಬರ್ಕೋತಾಳೆ.

"ಇದು ಸಿಲ್ಲಿ" ಅಂತ ನಾವು ಕಿತ್ತು ಹಾಕಿದ್ವಿ. ಆ ಜಾಗಕ್ಕೆ ಬಾಲ್ಯದಿಂದಲೂ ತಂತ್ರಜ್ಞಾನದಲ್ಲಿ ಅಪಾರ ಆಸಕ್ತಿ ಅಂತ ತುರುಕಿದ್ವಿ. ಓದಿದ್ರೆ ಸಪ್ಪೆ. ಹಾಗಾಗಿ ಕಾಮಿಡಿಗೆ ಅಂತ ಅವರಪ್ಪನ ಇಂಗ್ಲಿಷ್ ಸೇರಿಸಿದ್ವಿ: ಪೇಂಟ್ ಅಂಗಡಿಗೆ ದಾರಿ ಕೇಳಿದೋರಿಗೆ ಫೋನಲ್ಲಿ "ಬಸ್‌ಸ್ಟ್ಯಾಂಡ್ ಬ್ಯಾಕ್‌ಸೈಡ್ ಕಮ್" ಅನ್ನೋದು. ರೂಮಲ್ಲಿ ಬಿದ್ದು ಬಿದ್ದು ನಕ್ವಿ. ಅವಳಿಂದ ಬಂದಿದ್ದು ಒಂದೇ ಸಾಲು: "ಇದನ್ನ ಅಪ್ಪಂಗೆ ಓದಿ ಹೇಳಕ್ಕಾಗಲ್ಲ."

ಅರ್ಜಿ ಫೀಸು ಕಟ್ಟೋರು ಅದೇ ಅಪ್ಪ.

ಅರ್ಜಿಯಲ್ಲಿ ಹಾಸ್ಯವೇ ಬೇಡ ಅಂತ ನಾವು ಹೇಳ್ತಿಲ್ಲ. ಷಿಕಾಗೊ ವಿಶ್ವವಿದ್ಯಾಲಯವೇ ಒಮ್ಮೆ 'ಎಕ್ಸ್ ಕಂಡುಹಿಡಿ' ಅಂತ ಪ್ರಬಂಧದ ವಿಷಯ ಕೊಟ್ಟಿತ್ತು. ಹ್ಯೂ ಗ್ಯಾಲಗರ್ ಅನ್ನೋ ಹುಡುಗ ಹೈಸ್ಕೂಲಲ್ಲಿ ಬರೆದ ಅಣಕು ಪ್ರಬಂಧ 1990ರಲ್ಲಿ ಅಚ್ಚಾಗಿ ಹೆಸರು ಮಾಡಿತು. ಅಸಾಧ್ಯ ಸಾಧನೆಗಳನ್ನೆಲ್ಲ ತನ್ನದು ಅಂತ ಕೊಚ್ಚಿಕೊಂಡು, ಕಾಲೇಜಿಗೆ ಮಾತ್ರ ಇನ್ನೂ ಹೋಗಿಲ್ಲ ಅಂತ ಮುಗಿಸ್ತಾನೆ. ಅವನು ನಗೋದು ಅರ್ಜಿಗಳ ಬಡಾಯಿಯನ್ನ. ಯಾರದೋ ಅಪ್ಪನನ್ನಲ್ಲ.

ಸ್ಕ್ರೂ ಜೋಕು ಓದಿದ್ರೆ ಹುಡುಗಿ ಎಂಥವಳು ಅಂತ ಗೊತ್ತಾಗುತ್ತೆ. ಬ್ಯಾಕ್‌ಸೈಡ್ ಜೋಕು ಓದಿದ್ರೆ ನಾವು ಎಂಥವರು ಅಂತ ಗೊತ್ತಾಗುತ್ತೆ. ಅದು ನಮಗೆ ಅಷ್ಟು ಬೇಗ ಹೊಳೆದಿದ್ದು ಯಾಕೆ? ಇಂಗ್ಲಿಷ್ ಮೀಡಿಯಂನಲ್ಲಿ ಎಲ್‌ಕೆಜಿಯಿಂದ ಪ್ರಾಕ್ಟೀಸ್ ಆಗಿದೆ. ಪೇರೆಂಟ್ಸ್ ಮೀಟಿಂಗಲ್ಲಿ ಅಮ್ಮ ಮಿಸ್ ಹತ್ರ ಇಂಗ್ಲಿಷಲ್ಲಿ ಮಾತಾಡಕ್ಕೆ ಶುರು ಮಾಡಿದ್ರೆ ತಲೆ ತಗ್ಗಿಸಿ ನಿಂತೋರು ನಾವೇ. (ಅದೇ ಮಿಸ್ ಸ್ಟಾಫ್‌ರೂಮಲ್ಲಿ ಕನ್ನಡ ಮಾತಾಡ್ತಿದ್ರು, ಅದು ಬೇರೆ ವಿಷಯ.) ಆ ಪ್ರಬಂಧ ಓದೋ ಅಮೆರಿಕದವರಿಗೆ ಅವರಪ್ಪನ ಬಗ್ಗೆ ಗೊತ್ತಾಗ್ತಿದ್ದಿದ್ದೇ ಆ ಒಂದು ಸಾಲು. ಅಂಗಡಿ ಗೊತ್ತಿಲ್ಲ, ಮನುಷ್ಯ ಗೊತ್ತಿಲ್ಲ.

ಅವಳು ನಮ್ಮದನ್ನೆಲ್ಲ ಅಳಿಸಿ ಮೊದಲಿನದ್ದನ್ನೇ ಕಳಿಸಿದ್ಲು. ಒಂದು ಕಡೆ ಸೀಟು ಬಂತು, ಸ್ಕಾಲರ್‌ಶಿಪ್ ಸಾಲಲಿಲ್ಲ. ಈಗ ಇಲ್ಲೇ, ಸಿಇಟಿ ಸೀಟಲ್ಲಿ ಫಸ್ಟ್ ಇಯರ್. ಸ್ಕ್ರೂ ಬಗ್ಗೆ ಇಲ್ಲಿ ಅವಳನ್ನ ಇನ್ನೂ ಯಾರೂ ಕೇಳಿಲ್ಲ.