ಹಿಂದಿನವರೋ, ಮುಂಚಿನವರೋ?

ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ‘ಆ್ಯನ್ಸೆಸ್ಟರ್’ ಶಬ್ದಕ್ಕೆ ಅರ್ಥ ಹುಡುಕಿದರೆ ಪೂರ್ವಜ, ಪೂರ್ವಿಕ, ಹಿರೀಕ ಎಂಬ ಮಾತುಗಳು ಸಿಗುತ್ತವೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಶಬ್ದ ಪಠ್ಯಪುಸ್ತಕದಲ್ಲಿ ಮಾತ್ರ ಇರುವಂಥದ್ದಲ್ಲ. ‘ಆ್ಯನ್ಸೆಸ್ಟ್ರಲ್ ಪ್ರಾಪರ್ಟಿ’ ಎಂಬ ಹೆಸರು ತೊಟ್ಟು ಅದು ವಿಭಾಗಪತ್ರಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಸೇರಿಕೊಂಡಿದೆ. ಅಲ್ಲಿ ಅದಕ್ಕಿರುವ ಅರ್ಥ ನಿಘಂಟಿನ ಅರ್ಥವಲ್ಲ. ಮನೆಮಾತಿನ ಅರ್ಥವನ್ನೇ ನಂಬಿ ಕಚೇರಿಯ ಮೆಟ್ಟಿಲು ಹತ್ತಿದವರು ಅಲ್ಲಿ ತಬ್ಬಿಬ್ಬಾಗುವುದುಂಟು. ಆದ್ದರಿಂದ ಇದು ಮಕ್ಕಳ ಜೊತೆಗೆ ತಂದೆ-ತಾಯಂದಿರೂ ಕುಳಿತು ನೋಡಬೇಕಾದ ಶಬ್ದ.

ಮೊದಲು ಸ್ಪೆಲಿಂಗ್. ಎ, ಎನ್, ಸಿ, ಇ, ಎಸ್, ಟಿ, ಓ, ಆರ್. ನಡುವೆ ‘ಸಿ’ ಇದೆ, ಕೊನೆಯಲ್ಲಿ ‘ಓ’ ಇದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ತಪ್ಪುವುದು ಇವೆರಡು ಕಡೆ. ಲ್ಯಾಟಿನ್ ಭಾಷೆಯ ‘ಆಂಟೆಸೆಸ್ಸೋರ್’ ಎಂಬ ಶಬ್ದ ಹಳೆಯ ಫ್ರೆಂಚಿನ ಬಾಯಿಯಲ್ಲಿ ಸವೆದು ಇಂಗ್ಲಿಷಿಗೆ ಬಂದಾಗ ಈ ರೂಪ ತಾಳಿತು. ‘ಆಂಟೆ’ ಎಂದರೆ ಮುಂದೆ, ‘ಸೆದೆರೆ’ ಎಂದರೆ ನಡೆ, ಹೋಗು. ಒಟ್ಟಿನಲ್ಲಿ ಮುಂದೆ ನಡೆದವನು ಎಂದರ್ಥ. ರೋಮನ್ ಸೈನ್ಯದಲ್ಲಿ ದಂಡಿಗಿಂತ ಮುಂದಾಗಿ ಹೋಗುವ ತುಕಡಿಯವರನ್ನೂ ಹೀಗೆಯೇ ಕರೆಯುತ್ತಿದ್ದರು. (ಈ ‘ಆಂಟೆ’ಯನ್ನು ವಿರೋಧ ಎಂಬ ಅರ್ಥದ ‘ಆ್ಯಂಟಿ’ಯ ಜೊತೆ ಬೆರೆಸಬಾರದು. ಅದು ಗ್ರೀಕಿನಿಂದ ಬಂದದ್ದು.) ನೌಕರಿಗೆ ಸೇರುವಾಗ ಪೊಲೀಸರು ನಡೆಸುವ ಪೂರ್ವಾಪರ ವಿಚಾರಣೆಗೆ ‘ಆ್ಯಂಟಿಸಿಡೆಂಟ್ಸ್’ ಪರಿಶೀಲನೆ ಎನ್ನುತ್ತಾರಲ್ಲ, ಅದೂ ಇದೇ ಬಳ್ಳಿಯ ಕಾಯಿ.

ಇಲ್ಲೊಂದು ಸ್ವಾರಸ್ಯವಿದೆ. ಲ್ಯಾಟಿನ್ ಭಾಷೆಗೆ ಪೂರ್ವಜರು ಮುಂದೆ ನಡೆದು ಹೋದವರು. ಕನ್ನಡದಲ್ಲಿ ನಾವು ‘ಹಿಂದಿನವರು’ ಎನ್ನುತ್ತೇವೆ. ಅವರು ಬೆನ್ನ ಹಿಂದೆ ಇರುವವರು. ಆದರೆ ‘ಮುಂಚಿನವರು’, ‘ಮುನ್ನಿನವರು’ ಎಂದೂ ನಮ್ಮಲ್ಲೇ ಹೇಳುವುದುಂಟು. ಈ ‘ಮುನ್’ ಎಂಬುದು ‘ಮುಂದೆ’ ಎನ್ನುವುದರಲ್ಲಿರುವ ‘ಮುನ್’ ತಾನೇ. ಒಂದೇ ತಾತನನ್ನು ಕನ್ನಡ ಎದುರಿಗೂ ನಿಲ್ಲಿಸುತ್ತದೆ, ಬೆನ್ನಿಗೂ ನಿಲ್ಲಿಸುತ್ತದೆ.

ಲ್ಯಾಟಿನ್ ಶಬ್ದಕ್ಕೆ ರಕ್ತಸಂಬಂಧ ಕಡ್ಡಾಯವಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ 1086ರಲ್ಲಿ ‘ಡೂಮ್ಸ್‌ಡೇ ಬುಕ್’ ಎಂಬ ದೊಡ್ಡ ಭೂದಾಖಲೆ ಬರೆಸಿದರು. ಅದರಲ್ಲಿ ‘ಆಂಟೆಸೆಸ್ಸೋರ್’ ಎಂದರೆ ಆ ಜಮೀನನ್ನು ಹಿಂದೆ ಹೊಂದಿದ್ದವನು. ಹೊಸ ಒಡೆಯನಿಗೂ ಅವನಿಗೂ ಯಾವ ನಂಟೂ ಇಲ್ಲ. ಎಷ್ಟೋ ಕಡೆ ಗೆದ್ದವನು ಮತ್ತು ಸೋತವನು ಎಂಬುದಷ್ಟೇ ನಂಟು. ಅಂದರೆ ಈ ಶಬ್ದಕ್ಕೆ ಜಮೀನಿನ ಗಂಟು ಬಿದ್ದದ್ದು ಇಂದು ನಿನ್ನೆಯಲ್ಲ.

ಈಗಿನ ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಪ್ರೆಡಿಸೆಸರ್’ ಎಂಬ ಬೇರೆ ಶಬ್ದ ಮಾಡುತ್ತದೆ. ಸ್ಥಾನದಲ್ಲಿ ನಮಗಿಂತ ಮೊದಲು ಇದ್ದವರು ಪ್ರೆಡಿಸೆಸರ್. ವಂಶದಲ್ಲಿ ಮೊದಲು ಇದ್ದವರು ಆ್ಯನ್ಸೆಸ್ಟರ್. ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ಅದಲು ಬದಲು ಮಾಡುತ್ತಾರೆ. ವ್ಯತ್ಯಾಸ ತಿಳಿಯಲು ಮೈಸೂರಿನ ಅರಮನೆಗಿಂತ ಒಳ್ಳೆಯ ಉದಾಹರಣೆ ಬೇಡ. ನಾಲ್ವಡಿ ಕೃಷ್ಣರಾಜ ಒಡೆಯರಿಗಿಂತ ಮೊದಲು ಪಟ್ಟದಲ್ಲಿದ್ದವರು ಅವರ ತಂದೆ ಚಾಮರಾಜೇಂದ್ರ ಒಡೆಯರು. ಆದ್ದರಿಂದ ಅವರು ನಾಲ್ವಡಿಯವರಿಗೆ ಪ್ರೆಡಿಸೆಸರ್ ಕೂಡ ಹೌದು, ಆ್ಯನ್ಸೆಸ್ಟರ್ ಕೂಡ ಹೌದು. 1940ರಲ್ಲಿ ನಾಲ್ವಡಿಯವರು ತೀರಿಕೊಂಡಾಗ ಪಟ್ಟಕ್ಕೆ ಬಂದವರು ಅವರ ತಮ್ಮನ ಮಗ ಜಯಚಾಮರಾಜ ಒಡೆಯರು. ಇವರಿಗೆ ನಾಲ್ವಡಿಯವರು ಪ್ರೆಡಿಸೆಸರ್ ಮಾತ್ರ. ದೊಡ್ಡಪ್ಪ ಎಷ್ಟೇ ದೊಡ್ಡವರಾಗಿರಲಿ, ಇಂಗ್ಲಿಷಿನ ಲೆಕ್ಕದಲ್ಲಿ ಆ್ಯನ್ಸೆಸ್ಟರ್ ಆಗುವುದಿಲ್ಲ. ನಾವು ಯಾರಿಂದ ನೇರವಾಗಿ ಇಳಿದು ಬಂದಿದ್ದೇವೆಯೋ ಅವರು ಮಾತ್ರ ಆ್ಯನ್ಸೆಸ್ಟರ್. ಇಳಿದು ಬರುವುದು ಎಂಬ ಅರ್ಥದಿಂದಲೇ ಅದರ ಎದುರು ಶಬ್ದ ‘ಡಿಸೆಂಡೆಂಟ್’ ಹುಟ್ಟಿದೆ. ಹಾಗೆಯೇ ಪ್ರೆಡಿಸೆಸರ್‌ಗೆ ಎದುರು ‘ಸಕ್ಸೆಸರ್’.

ಇದೇ ಗುಂಪಿನ ಇನ್ನೊಂದು ಶಬ್ದ ‘ಫೋರ್‌ಬೇರ್’. ಇದಕ್ಕೂ ಹೊರುವುದು, ಹೆರುವುದು ಎಂಬ ಅರ್ಥದ ‘ಬೇರ್’ಗೂ ಸಂಬಂಧವಿಲ್ಲ. ಇದು ‘ಬಿ’ ಧಾತುವಿನಿಂದ ಆದದ್ದು. ಮೊದಲು ಇದ್ದವನು ಎಂದಷ್ಟೇ ಅರ್ಥ. ಸ್ಕಾಟ್ಲೆಂಡಿನ ಕಡೆಯಿಂದ ಬಂದ ಶಬ್ದ. ಹೆಚ್ಚಾಗಿ ಬಹುವಚನದಲ್ಲೇ ಬಳಕೆ. ಇದರಲ್ಲಿರುವ ‘ಆರ್’ ಅಕ್ಷರದ ಮುಂದಿನ ‘ಇ’ ಬಿಟ್ಟುಹೋದರೆ ಸಹಿಸಿಕೊಳ್ಳು, ತಡೆದುಕೊಳ್ಳು ಎಂಬ ಅರ್ಥದ ‘ಫಾರ್‌ಬೇರ್’ ಆಗುತ್ತದೆ. ನಾಮಪದಕ್ಕೂ ‘ಇ’ ಇಲ್ಲದ ರೂಪವನ್ನು ಕೆಲವು ನಿಘಂಟುಗಳು ಒಪ್ಪುತ್ತವೆ, ಆದರೆ ವಿದ್ಯಾರ್ಥಿಗಳು ಆ ಸ್ವಾತಂತ್ರ್ಯ ತೆಗೆದುಕೊಳ್ಳದಿರುವುದೇ ಕ್ಷೇಮ. ‘ಫೋರ್‌ಫಾದರ್ಸ್’ ಶಬ್ದದಲ್ಲಿ ಅಪ್ಪಂದಿರು ಮಾತ್ರ ಕಾಣುತ್ತಾರೆ; ಅಮ್ಮಂದಿರನ್ನೂ ಸೇರಿಸಿ ಹೇಳಬೇಕಾದಾಗ ‘ಆ್ಯನ್ಸೆಸ್ಟರ್ಸ್’ ಎನ್ನುವುದೇ ಸರಿ.

ಅಮ್ಮಂದಿರನ್ನು ಸೇರಿಸಿದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ. ತಂದೆ-ತಾಯಿ ಇಬ್ಬರು, ಅಜ್ಜ-ಅಜ್ಜಿಯರು ನಾಲ್ವರು, ಮುತ್ತಜ್ಜ-ಮುತ್ತಜ್ಜಿಯರು ಎಂಟು. ಹತ್ತನೆಯ ತಲೆಮಾರಿಗೆ 1,024 ಮಂದಿ. ಮೂವತ್ತನೆಯ ತಲೆಮಾರಿಗೆ 107 ಕೋಟಿ ದಾಟುತ್ತದೆ. ತಲೆಮಾರಿಗೆ 25 ವರ್ಷ ಹಿಡಿದರೆ ಇದು ಸುಮಾರು 750 ವರ್ಷದ ಹಿಂದಿನ ಮಾತು, ಹೊಯ್ಸಳರ ಕಾಲ. ಆಗ ಇಡೀ ಪ್ರಪಂಚದ ಜನಸಂಖ್ಯೆ ಇದರ ಅರ್ಧದಷ್ಟೂ ಇರಲಿಲ್ಲ! ಲೆಕ್ಕ ತಪ್ಪಿಲ್ಲ, ಒಬ್ಬರೇ ವ್ಯಕ್ತಿ ಹಲವು ದಾರಿಗಳಲ್ಲಿ ಮತ್ತೆ ಮತ್ತೆ ನಮ್ಮ ಪೂರ್ವಜರಾಗಿ ಬರುತ್ತಾರೆ ಎಂಬುದೇ ಇದಕ್ಕೆ ಉತ್ತರ. ನಮ್ಮ ಕಡೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸೋದರಮಾವನ ಮಗಳನ್ನು ಮದುವೆಯಾದವರ ಮಕ್ಕಳಿಗೆ ಮುತ್ತಜ್ಜ-ಮುತ್ತಜ್ಜಿಯರು ಎಂಟಲ್ಲ, ಆರು. ಮಕ್ಕಳು ಕಾಗದದ ಮೇಲೆ ಗೆರೆ ಎಳೆದು ನೋಡಬಹುದು. ಇಂಥ ಲೆಕ್ಕದ ಎದುರು ‘ನಮ್ಮದು ಒಂದೇ ಮೂಲಪುರುಷನ ವಂಶ’ ಎಂಬ ಹೆಮ್ಮೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಆ ಮೂಲಪುರುಷ ಸಾವಿರದಲ್ಲಿ ಒಬ್ಬ.

ಪ್ರಾಣಿಗಳಿಗೂ ಭಾಷೆಗಳಿಗೂ ಆ್ಯನ್ಸೆಸ್ಟರ್ ಇರುತ್ತಾರೆ. ಇಲ್ಲಿ ‘ಕಾಮನ್ ಆ್ಯನ್ಸೆಸ್ಟರ್’ ಎಂಬ ಪ್ರಯೋಗವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಮನುಷ್ಯ ಈಗಿನ ಚಿಂಪಾಂಜಿಯಿಂದ ಹುಟ್ಟಿದನೆಂದು ಜೀವಶಾಸ್ತ್ರ ಹೇಳುವುದಿಲ್ಲ. ಇಬ್ಬರಿಗೂ ಸಮಾನನಾದ ಒಬ್ಬ ಪೂರ್ವಜ ಲಕ್ಷಾಂತರ ವರ್ಷಗಳ ಹಿಂದೆ ಇದ್ದ ಎನ್ನುತ್ತದೆ. ಚಿಂಪಾಂಜಿ ನಮಗೆ ಅಜ್ಜನಲ್ಲ, ದೂರದ ದಾಯಾದಿ. ಕನ್ನಡ ತಮಿಳಿನಿಂದ ಹುಟ್ಟಿತು ಎನ್ನುವವರೂ ಇಂಥದೇ ತಪ್ಪು ಮಾಡುತ್ತಾರೆ. ದಕ್ಷಿಣದ ಭಾಷೆಗಳು ಒಂದೇ ಮನೆತನದವು ಎಂದು 1816ರಲ್ಲಿ ಎಲ್ಲಿಸ್ ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ಬರೆದ. ಕನ್ನಡ, ತಮಿಳು, ತೆಲುಗು ಮೂರಕ್ಕೂ ಸಮಾನವಾದ ಪೂರ್ವಜ ಮೂಲದ್ರಾವಿಡ. ತಮಿಳು ಅಕ್ಕನೋ ತಂಗಿಯೋ ಇರಬಹುದು, ತಾಯಿಯಲ್ಲ. ಹೊಸಗನ್ನಡಕ್ಕೆ ಆ್ಯನ್ಸೆಸ್ಟರ್ ಎನ್ನಬೇಕಾದರೆ ಅದು ಹಳಗನ್ನಡ. ಇನ್ನು ಸಂಸ್ಕೃತ ಕನ್ನಡಕ್ಕೆ ಧಾರಾಳವಾಗಿ ಶಬ್ದಗಳನ್ನು ಕೊಟ್ಟ ನೆರೆಮನೆ. ಸಾಲ ಕೊಟ್ಟವರೆಲ್ಲ ಅಜ್ಜಂದಿರಾಗುವುದಿಲ್ಲ.

ಈಗ ಕಚೇರಿಯ ಅರ್ಥಕ್ಕೆ ಬರೋಣ. ‘ಆ್ಯನ್ಸೆಸ್ಟ್ರಲ್ ಪ್ರಾಪರ್ಟಿ’ಯನ್ನು ನಾವು ‘ಪಿತ್ರಾರ್ಜಿತ ಆಸ್ತಿ’ ಎನ್ನುತ್ತೇವೆ. ಗೊಂದಲದ ಮೊದಲ ಎಳೆ ಈ ಅನುವಾದದಲ್ಲೇ ಇದೆ. ಪಿತ್ರಾರ್ಜಿತ ಎಂಬುದನ್ನು ಬಿಡಿಸಿದರೆ ತಂದೆ ಸಂಪಾದಿಸಿದ್ದು ಎಂದಾಗುತ್ತದೆ. ಆದರೆ ತಂದೆ ಸ್ವಂತ ದುಡಿಮೆಯಿಂದ ಕೊಂಡ ಸೈಟು ಕಾನೂನಿನ ಕಣ್ಣಿನಲ್ಲಿ ಪಿತ್ರಾರ್ಜಿತವಲ್ಲ, ಅವನ ಸ್ವಯಾರ್ಜಿತ. ಅವನು ಅದನ್ನು ಮಾರಬಹುದು, ದಾನ ಮಾಡಬಹುದು, ಬೇಕಾದವರಿಗೆ ಮರಣಶಾಸನ ಬರೆಯಬಹುದು.

ಹಿಂದೂ ಕುಟುಂಬಗಳ ಆಸ್ತಿಗೆ ಸಂಬಂಧಿಸಿದ ಈ ಅರ್ಥದ ಬೇರು ಇರುವುದು ಕರ್ನಾಟಕದಲ್ಲೇ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಮುಂದೆ ಇಂಗ್ಲಿಷರ ನ್ಯಾಯಾಲಯಗಳು ದೇಶದ ಬಹುಭಾಗಕ್ಕೆ ಅದನ್ನೇ ಆಧಾರವಾಗಿ ಹಿಡಿದವು. ತಂದೆ, ತಂದೆಯ ತಂದೆ, ಅವನ ತಂದೆ, ಈ ಮೂವರಿಂದ ಗಂಡಿಗೆ ಉತ್ತರಾಧಿಕಾರವಾಗಿ ಬಂದದ್ದು ಮಾತ್ರ ಪಿತ್ರಾರ್ಜಿತ. ಅದರಲ್ಲಿ ಅವನ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹಾಗಾದರೆ ತಾಯಿಯ ತಂದೆಯಿಂದ ಬಂದ ಜಮೀನು? ತಾಯಿಯ ತಂದೆಯೂ ಆ್ಯನ್ಸೆಸ್ಟರ್ ತಾನೇ? ಈ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಇಂಗ್ಲಿಷ್ ಶಬ್ದದಲ್ಲಿ ತಾಯಿಯ ಕಡೆಯವರೂ ಸೇರುತ್ತಾರೆ ನಿಜ, ಆದರೆ ಹಿಂದೂ ಕಾನೂನಿನಲ್ಲಿ ಅದನ್ನು ಗಂಡು ಸಂತತಿಯ ಸಾಲಿಗೆ ಮಾತ್ರ ಸೀಮಿತವಾಗಿ ಓದಬೇಕು ಎಂದು 1937ರಲ್ಲಿ ತೀರ್ಪಾಯಿತು. ಮಹಾಲಯದ ದಿನ ಮಾತಾಮಹನಿಗೂ ಪಿಂಡವಿಡುವ ಮನೆಯಲ್ಲಿ, ಜಮೀನಿನ ಲೆಕ್ಕಕ್ಕೆ ಬಂದಾಗ ಆತ ಪೂರ್ವಜನಲ್ಲ! ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಇದಕ್ಕೆ ಸರಿಯಾಗಿ ತದ್ವಿರುದ್ಧ. ಅಲ್ಲಿ ಎಣಿಕೆ ತಾಯಿಯ ಸಾಲಿನಲ್ಲಿ ನಡೆಯುತ್ತಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅರ್ಥ ಇನ್ನಷ್ಟು ಕಿರಿದಾಯಿತು. ಸ್ವಯಾರ್ಜಿತ ಆಸ್ತಿಯುಳ್ಳ ತಂದೆ ಮರಣಶಾಸನ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಹಾಗೆ ಮಗನಿಗೆ ಬಂದ ಪಾಲು ಅವನ ಸ್ವಂತದ್ದು, ಪಿತ್ರಾರ್ಜಿತವಲ್ಲ ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ತಾತನ ಆಸ್ತಿ, ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು’ ಎಂದು ಊರಿನಲ್ಲಿ ಹೇಳುವ ಮಾತು ಎಲ್ಲ ಆಸ್ತಿಗೂ ಅನ್ವಯಿಸುವುದಿಲ್ಲ. ತಾತ ಅದನ್ನು ಹೇಗೆ ಪಡೆದ, ಯಾವಾಗ ತೀರಿಕೊಂಡ ಎಂಬುದರ ಮೇಲೆ ಅದು ನಿಂತಿದೆ.

ಇನ್ನೊಂದು ಕಡೆ ಅರ್ಥ ಹಿಗ್ಗಿದ್ದೂ ಉಂಟು. ಹುಟ್ಟಿನಿಂದ ಬರುವ ಈ ಹಕ್ಕು ಮೊದಲು ಗಂಡುಮಕ್ಕಳಿಗೆ ಮಾತ್ರ ಇತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಬಂತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನು ಅಳಿಸಿತು. ಕಾಯಿದೆ ಜಾರಿಯಾದ ದಿನ ತಂದೆ ಬದುಕಿರಬೇಕೇ ಎಂಬ ತಕರಾರು ಮತ್ತೆ ಹದಿನೈದು ವರ್ಷ ಎಳೆಯಿತು. ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗಗಳನ್ನು ಕಾಯಿದೆ ಮುಟ್ಟುವುದಿಲ್ಲ.

ಹೀಗಿದ್ದರೂ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ಅಭ್ಯಾಸ ಪೂರ್ತಿ ಹೋಗಿಲ್ಲ. ಬಿಟ್ಟ ಹೆಸರು ಮುಂದೊಂದು ದಿನ ದಾವೆಯಾಗಿ ಬರುತ್ತದೆ, ಆಗ ಕ್ರಯಪತ್ರ, ವಿಭಾಗಪತ್ರ ಎಲ್ಲವೂ ಅಲ್ಲಾಡುತ್ತವೆ. ಇಂಗ್ಲಿಷ್ ಪುಸ್ತಕದ ‘ಫ್ಯಾಮಿಲಿ ಟ್ರೀ’ ಪಾಠಕ್ಕೆ ಮಗಳು ಮನೆಯವರ ಹೆಸರು ಕೇಳಿ ಬರೆದುಕೊಳ್ಳುವಾಗ ಅತ್ತೆಯರ, ಸೋದರತ್ತೆಯರ, ಅಜ್ಜಿಯ ತವರಿನವರ ಹೆಸರುಗಳನ್ನೂ ಹೇಳಿಕೊಡಬಹುದು. ಅದರ ಜೊತೆಗೇ ಮನೆಯ ಪೆಟ್ಟಿಗೆಯಿಂದ ಹಳೆಯ ಪತ್ರಗಳನ್ನು ತೆಗೆದು, ಯಾವ ಜಮೀನು ಯಾರಿಂದ, ಯಾವ ವರ್ಷ, ಯಾವ ಪತ್ರದ ಮೂಲಕ ಬಂತೆಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ವಕೀಲರು ಮೊದಲ ದಿನ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.