ಅರಸೀಕೆರೆಗೆ ಸ್ಟ್ರಾಂಗ್, ಇಂದಿರಾನಗರಕ್ಕೆ ಕ್ರಾಫ್ಟ್: ಬಿಯರಿನ ರುಚಿ ತೀರ್ಮಾನಿಸೋರು ಯಾರು?

ಬೇಲೂರು ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ ನಿಂತು ಬೆಂಗಳೂರಿನ ಗೆಳೆಯನೊಬ್ಬ, "ಮಗಾ, ಒಂದು ಕಂಬದ ಥರ ಇನ್ನೊಂದಿಲ್ಲ ನೋಡು. ಕ್ರಾಫ್ಟ್ ಅಂದ್ರೆ ಇದು" ಅಂದ. ಆ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ, ಅಂದರೆ ಅಲ್ಲೂ ಒಂದು ಯಂತ್ರ ಇತ್ತು ಅಂತ ಮೆಕ್ಯಾನಿಕಲ್ ಓದಿದ ನಾನು ಹೇಳದೆ ಬಿಡಲಿಲ್ಲ. ಅವನಿಗೆ ಇಷ್ಟ ಆಗಲಿಲ್ಲ. ಸಂಜೆ ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ ಬಂದೆವು. ರೈಲಿಗೆ ಇನ್ನೂ ಹೊತ್ತಿತ್ತು. ವೈನ್ ಶಾಪಿನ ಕಬ್ಬಿಣದ ಜಾಲರಿ ಮುಂದೆ ನಿಂತು ಅವನು ಕೇಳಿದ್ದು, "ಅಣ್ಣ, ವೀಟ್ ಬಿಯರ್ ಏನಾದ್ರೂ ಇದೆಯಾ?"

ಒಳಗಿದ್ದವರು ಒಂದು ಕ್ಷಣ ಅವನನ್ನೇ ನೋಡಿದರು. "ಸ್ಟ್ರಾಂಗ್ ಬೇಕಾ ಸಾರ್, ಮೈಲ್ಡ್ ಬೇಕಾ? ಮೈಲ್ಡ್ ಕೋಲ್ಡ್ ಇಲ್ಲ."

ರೈಲಿನಲ್ಲಿ ಅವನ ಥಿಯರಿ ಶುರುವಾಯಿತು. ಈ ಕಡೆ ಜನಕ್ಕೆ ರುಚಿ ಬೇಕಿಲ್ಲ, ಕಿಕ್ ಸಾಕು. ಅದಕ್ಕೇ ಇಲ್ಲಿ ಕ್ರಾಫ್ಟ್ ಬಿಯರ್ ಬರೋದಿಲ್ಲ. ಇಂದಿರಾನಗರದ ಮೇಜಿನ ಮೇಲೆ ಈ ಮಾತನ್ನು ನಾನು ಹತ್ತಾರು ಸಲ ಕೇಳಿದ್ದೇನೆ. ಇದು ತಪ್ಪು. ಅರಸೀಕೆರೆಯವನ ಗ್ಲಾಸಿನಲ್ಲಿ ಏನಿರಬೇಕು ಅನ್ನೋದನ್ನು ಅವನ ನಾಲಿಗೆಗಿಂತ ಮೊದಲೇ ಅಬಕಾರಿ ಇಲಾಖೆ ತೀರ್ಮಾನ ಮಾಡಿರುತ್ತದೆ.

ಮೊದಲು ಲಾಗರ್ ಪರವಾಗಿ ಎರಡು ಮಾತು. ಲಾಗರ್ ಅಂದರೆ ಕೀಳು ಬಿಯರ್ ಅಲ್ಲ. ವ್ಯತ್ಯಾಸ ಇರುವುದು ಯೀಸ್ಟ್‌ನಲ್ಲಿ ಮತ್ತು ಉಷ್ಣಾಂಶದಲ್ಲಿ. ಏಲ್ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿಯಲ್ಲಿ ಬೇಗ ಬೇಗ ಕೆಲಸ ಮುಗಿಸುತ್ತದೆ. ಲಾಗರ್ ಯೀಸ್ಟ್‌ಗೆ 7ರಿಂದ 13 ಡಿಗ್ರಿಯ ತಂಪು ಬೇಕು, ಆಮೇಲೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡಬೇಕು. 1842ರಲ್ಲಿ ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಮಾಡಿದ ಹೊಂಬಣ್ಣದ ಬಿಯರೇ ಇವತ್ತಿನ ಬಹುಪಾಲು ಲಾಗರ್‌ಗಳ ಮೂಲ. ಬ್ರೂವರ್‌ಗೆ ಕಷ್ಟದ ಕೆಲಸವೂ ಇದೇ. ಮಾವಿನಹಣ್ಣು, ಕಾಫಿ, ಕೈತುಂಬ ಹಾಪ್ಸ್ ಹಾಕಿದ ಕಡೆ ತಪ್ಪು ಮುಚ್ಚಿಹೋಗುತ್ತದೆ. ತಿಳಿ ಲಾಗರ್‌ನಲ್ಲಿ ಸಣ್ಣ ಎಡವಟ್ಟೂ ಬಾಯಿಗೆ ಸಿಗುತ್ತದೆ. ಬೀದರ್‌ನಲ್ಲೂ ಬೇಲೂರಲ್ಲೂ ಬಾಟಲಿ ಒಂದೇ ರುಚಿ ಕೊಡುವುದು ಸಾಧಾರಣ ಎಂಜಿನಿಯರಿಂಗ್ ಅಲ್ಲ.

ಆದರೆ ನಮ್ಮ ವೈನ್ ಶಾಪಿನ ಸ್ಟ್ರಾಂಗ್ ಬೇರೆ ಸಂಗತಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಶೇ 5 ದಾಟಿ ಶೇ 8ರವರೆಗೆ ಆಲ್ಕೋಹಾಲ್ ಇದ್ದರೆ ಅದು ಸ್ಟ್ರಾಂಗ್. ಅಷ್ಟು ಏರಿಸಬೇಕು, ಖರ್ಚು ಮಾತ್ರ ಏರಬಾರದು ಅಂದರೆ ಬಾರ್ಲಿ ಮಾಲ್ಟ್ ಜೊತೆ ಅಕ್ಕಿ, ಜೋಳ, ಸಕ್ಕರೆ ಸೇರಿಸುವುದು ಸುಲಭದ ದಾರಿ. ಬಾಟಲಿ ಮೇಲೆ ಮಾಲ್ಟ್ ಎಷ್ಟು, ಸಕ್ಕರೆ ಎಷ್ಟು ಅಂತ ಬರೀಬೇಕು ಅನ್ನುವ ಕರಡು ನಿಯಮವನ್ನು ರಾಜ್ಯ ಸರ್ಕಾರ ಹೊರಡಿಸಿದ್ದು 2024ರಲ್ಲಿ. ಅಲ್ಲಿವರೆಗೂ ಕುಡಿಯುವವನಿಗೆ ಅದನ್ನು ಹೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಈಗ ಕಪಾಟಿಗೆ ಬನ್ನಿ. ಕರ್ನಾಟಕದಲ್ಲಿ ಬಾಟಲಿ ಬಿಯರ್ ಕಾರ್ಖಾನೆಯಿಂದ ನೇರವಾಗಿ ಅಂಗಡಿಗೆ ಹೋಗುವ ಹಾಗಿಲ್ಲ. 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮದ ಡಿಪೊ ಮೂಲಕವೇ ಹೋಗಬೇಕು. ವೈನ್ ಶಾಪಿನ ಸಿಎಲ್-2, ಬಾರಿನ ಸಿಎಲ್-9 ಲೈಸೆನ್ಸ್‌ಗಳನ್ನು ಹೊಸದಾಗಿ ಕೊಡುವುದನ್ನು 1992ರಲ್ಲೇ ನಿಲ್ಲಿಸಲಾಯಿತು. ಹಾಗಾಗಿ ಹಳೇ ಲೈಸೆನ್ಸ್‌ನ ಬೆಲೆ ಏರುತ್ತಲೇ ಹೋಯಿತು. ಅಷ್ಟು ದುಡ್ಡು ಸುರಿದವನು ಫ್ರಿಜ್‌ನಲ್ಲಿ ಯಾವುದನ್ನು ಇಡುತ್ತಾನೆ? ಬೇಗ ಖಾಲಿಯಾಗುವುದನ್ನು. ಮೈಲ್ಡ್ ಕೋಲ್ಡ್ ಇಲ್ಲದಿರುವುದಕ್ಕೆ ಕಾರಣ ಅಷ್ಟೇ.

ತಯಾರಕರ ಮಟ್ಟದಲ್ಲೂ ಆಯ್ಕೆ ಕಡಿಮೆ. ದೇಶದ ಬಿಯರ್ ಮಾರುಕಟ್ಟೆಯ ದೊಡ್ಡ ಪಾಲು ಮೂರು ಕಂಪನಿಗಳದ್ದು. ಬೆಂಗಳೂರಿನದೇ ಯುನೈಟೆಡ್ ಬ್ರೂವರೀಸ್ ಹುಟ್ಟಿದ್ದು 1915ರಲ್ಲಿ, 2021ರಿಂದ ಅದರ ನಿಯಂತ್ರಣ ಹೈನೆಕೆನ್ ಕೈಲಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಬೆಲೆ ವಿಷಯದಲ್ಲಿ ಒಳಒಪ್ಪಂದ ಮಾಡಿಕೊಂಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಮೂರನೆಯದಾದ ಎಬಿ ಇನ್‌ಬೆವ್ ವಿಷಯವನ್ನು ಮೊದಲೇ ಬಾಯಿಬಿಟ್ಟಿದ್ದರಿಂದ ದಂಡದಿಂದ ಪಾರಾಯಿತು. ಉಳಿದವರು ಮೇಲ್ಮನವಿ ಹೋದರು.

ಇನ್ನು ಕ್ರಾಫ್ಟ್. ಬೆಂಗಳೂರಿನಲ್ಲಿ ಟಾಯ್ಟ್, ಬಿಯರ್ ಕ್ಲಬ್ ಶುರುವಾಗಿದ್ದು 2010-11ರ ಸುಮಾರಿಗೆ. ಮೈಕ್ರೊಬ್ರೂವರಿಗೆ ಬೇರೆ ನಿಯಮ: ಅಲ್ಲೇ ಮಾಡಿ, ಅಲ್ಲೇ ಬಡಿಸಬೇಕು. ಪಾಶ್ಚರೀಕರಣ ಮಾಡದ ತಾಜಾ ಬಿಯರ್ ತಂಪು ತಪ್ಪಿದರೆ ಕೆಡುತ್ತದೆ, ಆದ್ದರಿಂದ ದೂರ ಸಾಗುವುದೂ ಇಲ್ಲ. ಲೈಸೆನ್ಸ್, ಜಾಗ, ಜರ್ಮನಿಯಿಂದಲೋ ಅಮೆರಿಕದಿಂದಲೋ ಬರುವ ಹಾಪ್ಸ್, ಇಷ್ಟೆಲ್ಲದರ ಖರ್ಚು ಗ್ಲಾಸಿಗೆ ನಾನ್ನೂರು ರೂಪಾಯಿ ಕೊಡುವ ಗಿರಾಕಿ ಇದ್ದರೆ ಮಾತ್ರ ಗಿಟ್ಟುತ್ತದೆ. ಅರಸೀಕೆರೆಗೆ ಅದು ಬರದಿರುವುದು ಜನಕ್ಕೆ ರುಚಿ ಗೊತ್ತಿಲ್ಲ ಅಂತಲ್ಲ.

ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಸುಂಕದ ಲೆಕ್ಕ. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು, 2024ರಲ್ಲಿ 195ಕ್ಕೆ. 2024ರ ಆಗಸ್ಟ್‌ನಲ್ಲಿ ಪ್ರೀಮಿಯಂ ಮದ್ಯದ ಸ್ಲ್ಯಾಬ್ ಬದಲಿಸಿ ದುಬಾರಿ ವಿಸ್ಕಿ, ಸ್ಕಾಚ್‌ಗಳ ಬೆಲೆ ಇಳಿಸಿದರು. ಐದು ತಿಂಗಳು ಕಳೆದು, 2025ರ ಜನವರಿ 20ರಿಂದ ಬಿಯರ್ ಬಾಟಲಿಗೆ 10ರಿಂದ 45 ರೂಪಾಯಿ ಏರಿಸಿದರು. ಹತ್ತು ಯಾರಿಗೆ, ನಲವತ್ತೈದು ಯಾರಿಗೆ ಅನ್ನೋದರಲ್ಲೇ ರಾಜಕೀಯ ಇರುವುದು. ಶೇಕಡಾವಾರು ಸುಂಕ ಅಥವಾ ಲೀಟರಿಗೆ 130 ರೂಪಾಯಿ, ಯಾವುದು ಹೆಚ್ಚೋ ಅದು ಅಂತ ಕನಿಷ್ಠ ಮಿತಿ ಹಾಕಿದ್ದರು. 650 ಮಿಲಿ ಬಾಟಲಿಗೆ ಅದು 84 ರೂಪಾಯಿ 50 ಪೈಸೆ. ಬೆಲೆ ಹೆಚ್ಚಿರುವ ಬಿಯರ್ ಹೇಗೂ ಅದಕ್ಕಿಂತ ಜಾಸ್ತಿ ಕಟ್ಟುತ್ತಿತ್ತು, ಅದಕ್ಕೆ ಈ ಮಿತಿಯಿಂದ ಏನೂ ಆಗುವುದಿಲ್ಲ. ಪೆಟ್ಟು ಬಿದ್ದಿದ್ದು ನೂರು ರೂಪಾಯಿಯ ಬಾಟಲಿಗೆ, ಅದು 145 ಆಯಿತು.

ಮುಂದಿನ ಲೆಕ್ಕ ಹತ್ತನೇ ಕ್ಲಾಸಿನದು. 650 ಮಿಲಿ, ಶೇ 8ರ ಬಿಯರಿನಲ್ಲಿ ಶುದ್ಧ ಆಲ್ಕೋಹಾಲ್ 52 ಮಿಲಿ. ಶೇ 42.8ರ ವಿಸ್ಕಿಯ ಒಂದು ಕ್ವಾರ್ಟರ್‌ನಲ್ಲಿ 77 ಮಿಲಿ. ಅಗ್ಗದ ಕ್ವಾರ್ಟರ್ ಆ ಬಿಯರಿಗಿಂತ ಕಡಿಮೆ ಬೆಲೆಗೇ ಸಿಗುತ್ತಿತ್ತು. ತೆಂಗಿನಕಾಯಿ ಸುಲಿದು ದಿನಗೂಲಿ ತಗೊಂಡು ಬಂದವನು ಯಾವ ಕಡೆ ಕೈ ಚಾಚುತ್ತಾನೆ? ಸರ್ಕಾರವೇ ಅವನನ್ನು ಬಿಯರಿನಿಂದ ವಿಸ್ಕಿಗೆ ತಳ್ಳುತ್ತದೆ, ನಾವು ಇಂದಿರಾನಗರದಲ್ಲಿ ಕೂತು ಅವನಿಗೆ ಕಿಕ್ ಸಾಕು ಅಂತೀವಿ. 2025-26ಕ್ಕೆ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಈ ಗುರಿ ಮುಟ್ಟಬೇಕಾದ ಇಲಾಖೆಗೆ ಕುಡಿಯುವವನು ಕಡಿಮೆ ಕುಡಿಯಲಿ ಅನ್ನಿಸುವುದಾದರೂ ಹೇಗೆ?

ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತಾ ನಡೆದುಬಂದರು. ಅವರ ಮುಂದೆ ನಿಂತು ಹಾಪ್ಸ್ ಪರಿಮಳದ ಬಗ್ಗೆ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಅವರ ಮನೆ ಹಾಳು ಮಾಡಿದ್ದು ಬಹುತೇಕ ಆ ಅಗ್ಗದ ಕ್ವಾರ್ಟರ್. ಆಲ್ಕೋಹಾಲ್ ಪ್ರಮಾಣ ನೋಡಿ ಸುಂಕ ಹಾಕಿ, ಲಘು ಪಾನೀಯಕ್ಕೆ ಕಡಿಮೆ, ಗಟ್ಟಿಗೆ ಹೆಚ್ಚು ಅನ್ನುವ ಬೇಡಿಕೆ ಅವರ ಹೋರಾಟಕ್ಕೆ ಅಡ್ಡ ಬರುವುದಿಲ್ಲ.

ಕ್ರಾಫ್ಟ್ ಚರ್ಚೆಯಲ್ಲಿ ಯಾರೂ ಎತ್ತದ ಇನ್ನೊಂದು ವಿಷಯ ಇದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲೇ ಬಿಯರ್ ಕಾರ್ಖಾನೆ ಇದೆ, ಮಾತೃಸಂಸ್ಥೆ ಭೋಪಾಲಿನದು. ಬಾರ್ಲಿ ಉತ್ತರದಿಂದ ಬರುತ್ತದೆ. ಇಂದಿರಾನಗರದ ಕ್ರಾಫ್ಟ್‌ಗೂ ಅದೇ ಕಥೆ. ಎರಡರಲ್ಲೂ ಅರಸೀಕೆರೆಯ ಹೊಲದ್ದು, ತೋಟದ್ದು ಏನೂ ಇಲ್ಲ. ಆದರೆ ಈ ಸೀಮೆಗೆ ತನ್ನದೇ ತಾಜಾ ಪಾನೀಯ ಇತ್ತು: ಈಚಲಿನ ಹೆಂಡ, ತೆಂಗಿನ ನೀರಾ. ಅಲ್ಲೇ ಇಳಿಸಿ, ಅವತ್ತೇ ಕುಡಿಯುವಂಥದ್ದು. ಮೈಕ್ರೊಬ್ರೂವರಿಯ ವ್ಯಾಖ್ಯೆಯೂ ಅದೇ ತಾನೆ? ಕರಾವಳಿಯ ಎರಡು ಜಿಲ್ಲೆಗಳಲ್ಲಿ ಸೇಂದಿ ಕಾನೂನುಬದ್ಧ, ಬಯಲುಸೀಮೆಯಲ್ಲಿ ಅಪರಾಧ. ಅವಕಾಶ ಕೊಡಿ ಅಂತ ಈಡಿಗ ಸಂಘಟನೆಗಳು ಕೇಳುತ್ತಲೇ ಇವೆ. ನುಸಿ ರೋಗ ತೆಂಗನ್ನು ತಿಂದುಹಾಕಿದ ಕಾಲದಲ್ಲಿ ರೈತರು ನೀರಾ ಇಳಿಸಲು ಹೊರಟರು. 2001ರ ಅಕ್ಟೋಬರ್‌ನಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರು ಅವರ ಮೇಲೆ ಗುಂಡು ಹಾರಿಸಿದರು, ರೈತರು ಸತ್ತರು. ಹತ್ತು ವರ್ಷದೊಳಗೆ ಬೆಂಗಳೂರಿನಲ್ಲಿ ಮೈಕ್ರೊಬ್ರೂವರಿ ಬಂತು. ನೀರಾಕ್ಕೆ ಸಂಪುಟದ ಒಪ್ಪಿಗೆ ಸಿಗಲು 2016 ಬರಬೇಕಾಯಿತು.

ಅರಸೀಕೆರೆ ಹತ್ತಿರ ತೆಂಗಿನ ತೋಟ ಇಟ್ಟುಕೊಂಡಿರುವ ಮಾವನಿಗೆ ಫೋನ್ ಮಾಡಿ, ಈಗ ಕಾನೂನು ಇದೆಯಲ್ಲ, ಯಾಕೆ ಇಳಿಸಲ್ಲ ಅಂತ ಕೇಳಿದೆ. ನೀರಾ ಹೊಂಬಾಳೆಯಿಂದ ಇಳಿದ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಅದನ್ನು ಮರದ ಮೇಲೇ ತಣ್ಣಗಿಡುವ ಐಸ್ ಪೆಟ್ಟಿಗೆ ಮಾಡಿದೆ, ಅದರಲ್ಲಿ ಇಳಿಸಿದ್ದಕ್ಕೆ ಕಲ್ಪರಸ ಅಂತ ಹೆಸರು. ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಮಾವ ಪೂರ್ತಿ ಕೇಳಿಸಿಕೊಂಡು ಹೇಳಿದ್ದು ಇಷ್ಟು:

"ಐಸ್ ಪೆಟ್ಟಿಗೆ ಸರಿ ಕಣಪ್ಪ. ಮರ ಹತ್ತೋನು ಯಾರು? ಹತ್ತಿ ಇಳಿಸಿದ್ಮೇಲೆ ಕಂಪನಿ, ಲೈಸೆನ್ಸು, ಅಬಕಾರಿಯೋರು ಅಂತ ಓಡಾಡೋನು ಯಾರು? ಹುಳಿ ಬಂತು ಅಂತ ಕೇಸ್ ಹಾಕುದ್ರೆ, ನೀನು ಬಂದು ಬಿಡಿಸ್ತೀಯಾ?"