ಸೂರತ್ ಸೀರೆಯೂ ನಮ್ಮ ಬಾಯಿಬೀಗವೂ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದೇ ಮಾತು: ಸೂರತ್ತಿನ ಸೀರೆ ನಮ್ಮ ಸೀರೆಯನ್ನು ನುಂಗಿತು. ನಮ್ಮ ನಮೂನೆಯನ್ನೇ ನಕಲು ಮಾಡಿ, ವೇಗದ ರೇಪಿಯರ್ ಮಗ್ಗದಲ್ಲಿ ನೇಯ್ದು, ಅಗ್ಗದ ಬೆಲೆಗೆ ತಂದು ಸುರಿಯುತ್ತಾರೆಂಬುದು ನೇಕಾರರ ದೂರು. ಮನೆಯೊಳಗೆ ಈ ದೂರು ಜೋರು. ಪೇಟೆಗೆ ಬಂದರೆ ಪಿಸುಮಾತು. "ಇನ್ನೊಬ್ಬರ ಸರಕಿನ ಮಾತು ನಮಗೇಕೆ? ಅದು ವ್ಯಾಪಾರಧರ್ಮವಲ್ಲ" ಎಂದು ವರ್ತಕ ಮಹಾಶಯರು ಬುದ್ಧಿ ಹೇಳುತ್ತಾರೆ.

ಇದು ಯಾವ ಧರ್ಮ, ಸ್ವಾಮಿ? ಪಾಲಿಯೆಸ್ಟರನ್ನು ರೇಷ್ಮೆಯೆಂದು ಮಾರುವುದನ್ನು ಕಂಡೂ ಸುಮ್ಮನಿರುವವನು ಆ ಮೋಸದಲ್ಲಿ ಪಾಲುದಾರ. ಮಗಳ ಮದುವೆಗೆಂದು ಚೀಟಿ ಕಟ್ಟಿ ಕೂಡಿಟ್ಟ ಕೂಲಿ ಹೆಂಗಸಿನ ದುಡ್ಡು ಅಲ್ಲಿ ಕರಗುತ್ತದೆ. ನಿಜವಾದ ಸರಕು ನೇಯ್ದವನ ಮಗ್ಗವೂ ಅಲ್ಲೇ ನಿಲ್ಲುತ್ತದೆ.

ಆದರೆ ಬಾಯಿ ತೆರೆಯುವ ಮುನ್ನ ಒಂದು ಗೆರೆ ಎಳೆಯೋಣ. ಅಗ್ಗಕ್ಕೆ ಮಾರಿದ ಮಾತ್ರಕ್ಕೆ ಯಾರೂ ಕಳ್ಳರಾಗುವುದಿಲ್ಲ. ಹೊರಗಿನಿಂದ ಬಂದ ಮಾತ್ರಕ್ಕೂ ಆಗುವುದಿಲ್ಲ; ನಮ್ಮ ಸೀರೆಯೂ ತಾಲ್ಲೂಕಿನ ಗಡಿ ದಾಟಿಯೇ ಮಾರಾಟವಾಗಬೇಕು. ಸೂರತ್ತಿನ ಮಗ್ಗದ ಮುಂದೆ ನಿಂತು ದುಡಿಯುವವನೂ ಕೂಲಿಕಾರನೇ. ಅವನನ್ನು ಬೈದರೆ ಧಣಿಗೆ ಕಾಸಿನ ನಷ್ಟವೂ ಇಲ್ಲ.

ಹಾಗಾದರೆ ಪ್ರತಿಸ್ಪರ್ಧಿಯನ್ನು ಬಹಿರಂಗವಾಗಿ ಟೀಕಿಸತಕ್ಕದ್ದು ಯಾವಾಗ? ಸರಕಿನ ಹೆಸರಿನಲ್ಲಿ ಸುಳ್ಳಿರುವಾಗ. ಸುಳ್ಳಿಗೆ ಸಾಕ್ಷಿ ಕೈಯಲ್ಲಿರುವಾಗ. ಅದೇ ಸುಳ್ಳು ನಮ್ಮ ಅಂಗಡಿಯಲ್ಲಿ ಇಲ್ಲದಿರುವಾಗ. ಈ ಮೂರೂ ಕೂಡಿದ ಮೇಲೆ ಮೌನ ಅಪರಾಧ.

ಸಾಕ್ಷಿ ಹುಡುಕುವುದು ಕಷ್ಟವೇನಲ್ಲ. ಒಂದೆಳೆ ನೂಲು ಸುಟ್ಟು ನೋಡಿ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಪ್ಪಟ ರೇಷ್ಮೆಗೆಂದೇ ಕೇಂದ್ರ ರೇಷ್ಮೆ ಮಂಡಲಿಯ ಸಿಲ್ಕ್ ಮಾರ್ಕ್ 2004ರಿಂದ ಇದೆ. ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ 2006ರಿಂದ ಇದೆ.

ಸಾಕ್ಷಿಯಿಲ್ಲದ ಬೈಗುಳಕ್ಕೆ ಕೋರ್ಟಿನ ಬಾಗಿಲು ಕಾದಿರುತ್ತದೆ. ಬಟ್ಟೆಗೆ ಹಾಕುವ ನೀಲಿಯ ಜಾಹೀರಾತಿನಲ್ಲಿ ಉಜಾಲಾದವರು ರಾಬಿನ್ ನೀಲಿಯನ್ನು ಹೀಗಳೆದರೆಂಬ ಮೊಕದ್ದಮೆ 1999ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಬಂತು. ವರ್ತಕನು ತನ್ನ ಸರಕೇ ಜಗತ್ತಿನಲ್ಲಿ ಶ್ರೇಷ್ಠವೆಂದು ಹೇಳಿಕೊಳ್ಳಬಹುದು, ಮಾತು ನಿಜವಲ್ಲದಿದ್ದರೂ ಸರಿ. ಎದುರಾಳಿಯ ಸರಕು ಕೆಟ್ಟದ್ದೆನ್ನುವಂತಿಲ್ಲ ಎಂದಿತು ಆ ತೀರ್ಪು. ಆತ್ಮಸ್ತುತಿಗೆ ರಿಯಾಯಿತಿ, ಪರನಿಂದೆಗೆ ತಡೆ! ಜಾಹೀರಾತಿನಲ್ಲಿ ಸುಳ್ಳೂ ದಾರಿತಪ್ಪಿಸುವ ಮಾತೂ ಸಲ್ಲವೆಂದು 2010ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಆದುದರಿಂದ ಸಣ್ಣ ವರ್ತಕರು "ಅವನ ಸೀರೆ ಕಸ" ಎಂದು ಕೂಗಬಾರದು. "ಈ ಸೀರೆಯನ್ನು ರೇಷ್ಮೆಯೆಂದು ಮಾರಿದ್ದಾರೆ, ರಸೀತಿ ಇಲ್ಲಿದೆ, ಪರೀಕ್ಷೆಯ ವರದಿ ಇಲ್ಲಿದೆ" ಎನ್ನಬೇಕು. ಕೂಗಿಗಿಂತ ರಸೀತಿಗೆ ಬಲ ಹೆಚ್ಚು.

ಮೂರನೆಯ ಷರತ್ತು ನಮ್ಮವರಿಗೇ ಕಹಿ. 1985ರ ಕಾಯಿದೆಯ ಮೇರೆಗೆ ಈಗ 11 ಬಗೆಯ ಬಟ್ಟೆಗಳು ಕೈಮಗ್ಗಕ್ಕೆ ಮೀಸಲು. ಸೂರತ್ತಿನ ಮೇಲೆ ಈ ಕಾಯಿದೆಯನ್ನು ಎತ್ತಿ ಹಿಡಿಯುವ ನಾವು, ನಮ್ಮೂರು ವಿದ್ಯುತ್ ಮಗ್ಗದ ಊರೆಂಬುದನ್ನು ಮರೆಯಬಾರದು. ವಿದ್ಯುತ್ ಮಗ್ಗದ ಸೀರೆಗೆ ಕೈಮಗ್ಗದ ಹೆಸರು, ಆರ್ಟ್ ಸಿಲ್ಕಿಗೆ ರೇಷ್ಮೆಯ ಹೆಸರು ಕೊಡುವ ಅಂಗಡಿ ನಮ್ಮಲ್ಲೂ ಇದ್ದರೆ, ಕೈಮಗ್ಗದ ನೇಕಾರನ ಪಾಲಿಗೆ ನಾವೇ ಸೂರತ್!

ಆದಕಾರಣ ಮೊದಲು ಆಗಬೇಕಾದ ಕೆಲಸವಿದು. ಪ್ರತಿ ಸೀರೆಯ ಚೀಟಿಯಲ್ಲಿ ಮೂರು ಸಂಗತಿ ಬರೆಯಿರಿ: ಯಾವ ನೂಲು, ಯಾವ ಮಗ್ಗ, ಯಾವ ಊರು. ವಿದ್ಯುತ್ ಮಗ್ಗದ ಆರ್ಟ್ ಸಿಲ್ಕ್ ನಾಚಿಕೆಯ ಸರಕಲ್ಲ. ಬಡವರ ಮನೆಯ ಹಬ್ಬಕ್ಕೆ ಒಪ್ಪುವ ಸೀರೆ ಅದು. ಅದನ್ನು ಅದರ ಹೆಸರಿನಲ್ಲೇ ಮಾರಿ. ಹೀಗೆ ಬರೆದ ಅಂಗಡಿಯವನು ಮಾರನೆಯ ದಿನ ಎದುರಂಗಡಿಗೆ, "ನಿನ್ನ ಚೀಟಿ ಎಲ್ಲಿ?" ಎಂದು ನಡುಬೀದಿಯಲ್ಲಿ ನಿಂತು ಕೇಳಲಿ. ಆ ಪ್ರಶ್ನೆ ಸೂರತ್ತಿನ ಧಣಿಗೂ ಮುಟ್ಟುತ್ತದೆ.